ಓದುಗರ ಪ್ರಶ್ನೆ, ಟೀಚರ್ ಉತ್ತರ: ಲಾಕ್‌ಡೌನ್ ನಮ್ಮ ಮನೆಯಲ್ಲಿ ಇನ್ನೂ ಎಲ್ಲಿದೆ?

ಕಳೆದ ಸಂಚಿಕೆಯಲ್ಲಿ ನಿಮಗೆಲ್ಲ ಒಂದು ಮಾತು ಕೇಳಿದ್ದೆ. 2020ರ ಲಾಕ್‌ಡೌನ್ ನಿಮ್ಮ ಮನೆಯಲ್ಲಿ ಇನ್ನೂ ಎಲ್ಲಾದರೂ ಉಳಿದಿದೆಯಾ, ಬರೆದು ಕಳಿಸಿ ಅಂತ. ಪತ್ರಗಳು ರಾಶಿ ಬಂದಿವೆ. ಹೆಚ್ಚಿನವರು ಹೆಸರು ಹಾಕಬೇಡಿ ಅಂದಿದ್ದಾರೆ, ಹಾಗಾಗಿ ಯಾರದೂ ಹಾಕಿಲ್ಲ. ಇರುವ ಜಾಗದ ಹೆಸರು ಮಾತ್ರ ಇದೆ. ಜ್ವರ, ಆಕ್ಸಿಜನ್, ಆಸ್ಪತ್ರೆ ಕುರಿತ ಪತ್ರಗಳನ್ನು ಡಾಕ್ಟರ ಅಂಕಣಕ್ಕೆ ಕೊಟ್ಟಿದ್ದೇನೆ. ನಾನು ಮುಂಬೈ ಪಾಲಿಕೆಯ ಕನ್ನಡ ಶಾಲೆಯಲ್ಲಿ ಕಲಿಸಿದವಳು. ನನಗೆ ಗೊತ್ತಿರುವುದು ಮಕ್ಕಳು, ಅವರ ಅಮ್ಮಂದಿರು, ಮನೆ ಒಳಗಿನ ಮಾತುಕತೆ. ಅಷ್ಟರ ಬಗ್ಗೆ ಬರೆಯುತ್ತೇನೆ.

ಪ್ರಶ್ನೆ: ಟೀಚರ್, ಯಾರ ಮನೆಗೆ ಹೋದರೂ 'ಲಾಕ್‌ಡೌನಲ್ಲಿ ಎಷ್ಟು ಚೆನ್ನಾಗಿತ್ತು, ಎಲ್ಲರೂ ಒಟ್ಟಿಗೆ ಇದ್ದೆವು' ಅನ್ನುತ್ತಾರೆ. ಕೇಳಿದರೆ ನನಗೆ ಮೈ ಉರಿಯುತ್ತದೆ. ಆಗ ನಾವು ಚಾಳಿನ ಒಂದೇ ಖೋಲಿಯಲ್ಲಿ ಆರು ಜನ. ಗಂಡ, ಅತ್ತೆ, ಮೈದುನ, ಇಬ್ಬರು ಮಕ್ಕಳು, ನಾನು. ನೆನೆದರೆ ಈಗಲೂ ಉಸಿರು ಕಟ್ಟುತ್ತದೆ. ನನ್ನ ಮನಸ್ಸೇ ಸರಿ ಇಲ್ಲವಾ? — ಘಾಟ್ಕೋಪರ್

ಉತ್ತರ: ನಿಮ್ಮ ಮನಸ್ಸು ಸರಿಯಾಗೇ ಇದೆ, ಅಮ್ಮಾ. ಚೆನ್ನಾಗಿತ್ತು ಅನ್ನುವವರೂ ಸುಳ್ಳು ಹೇಳುತ್ತಿಲ್ಲ. ಅವರ ಮನೆ ಬೇರೆ, ನಿಮ್ಮ ಮನೆ ಬೇರೆ.

ಮುಂಬೈಯಲ್ಲಿ ಒಂದು ಖೋಲಿ ಅಂದರೆ ಅದು ಪೂರ್ತಿ ಮನೆ ಅಲ್ಲ. ಮನೆಯ ಉಳಿದ ಕೋಣೆಗಳು ಊರ ತುಂಬ ಹರಡಿರುತ್ತವೆ. ಗಂಡಸರಿಗೆ ಲೋಕಲ್ ಟ್ರೇನು, ಆಫೀಸು, ನಾಕಾದ ಚಹಾ ಅಂಗಡಿ. ಮಕ್ಕಳಿಗೆ ಶಾಲೆ, ಟ್ಯೂಷನ್, ಮೈದಾನ. ವಯಸ್ಸಾದವರಿಗೆ ದೇವಸ್ಥಾನದ ಜಗಲಿ. ಹೆಂಗಸರಿಗೆ ಬಾಜಿ ಮಾರ್ಕೆಟ್ಟು, ಮತ್ತೆ ಎಲ್ಲರೂ ಹೊರಟ ಮೇಲೆ ಸಿಗುವ ಆ ಎರಡು ಮೂರು ಗಂಟೆ. ಇವೆಲ್ಲ ಇದ್ದದ್ದರಿಂದಲೇ ಆರು ಜನ ಒಂದು ಖೋಲಿಯಲ್ಲಿ ಜಗಳ ಇಲ್ಲದೆ ಬದುಕಿದ್ದು.

2020 ಮಾರ್ಚ್ 22, ಭಾನುವಾರ, ಜನತಾ ಕರ್ಫ್ಯೂ. ಅವತ್ತೇ ರಾತ್ರಿಯಿಂದ ಲೋಕಲ್ ನಿಂತಿತು. 25ರಿಂದ ಇಡೀ ದೇಶ ಬಂದ್. 21 ದಿನ ಅಂದಿದ್ದು ಎಳೆದೂ ಎಳೆದೂ ಮೇ 31ಕ್ಕೆ ಬಂತು. ಜೂನ್ 15ಕ್ಕೆ ಲೋಕಲ್ ಶುರುವಾಯಿತು, ಆದರೆ ಅಗತ್ಯ ಸೇವೆಯವರಿಗೆ ಮಾತ್ರ. ಹೆಂಗಸರಿಗೆ ಬಿಟ್ಟಿದ್ದು ಅಕ್ಟೋಬರ್ 21ಕ್ಕೆ, ಎಲ್ಲರಿಗೂ ಬಿಟ್ಟಿದ್ದು 2021ರ ಫೆಬ್ರವರಿ 1ಕ್ಕೆ, ಅದೂ ಇಂಥಿಂಥ ಹೊತ್ತಿನಲ್ಲಿ ಮಾತ್ರ ಅಂತ. ಏಪ್ರಿಲ್‌ನಲ್ಲಿ ಮತ್ತೆ ಬಂದ್. ಹೊರಗಿನ ಕೋಣೆಗಳಿಗೆಲ್ಲ ಬೀಗ ಬಿದ್ದಾಗ ಆರೂ ಜನ ಉಳಿದ ಒಂದೇ ಒಂದು ಕೋಣೆಗೆ ಬಂದು ಬಿದ್ದಿರಿ. ಉಸಿರು ಕಟ್ಟದೆ ಇನ್ನೇನು?

ನನ್ನ ಹಳೇ ವಿದ್ಯಾರ್ಥಿನಿಯೊಬ್ಬಳು ಪರೇಲಿನ ಚಾಳಿನಲ್ಲಿದ್ದಾಳೆ. ಖೋಲಿಯ ಮೂಲೆಯಲ್ಲಿ ಮೋರಿ, ಅಂದರೆ ಸ್ನಾನಕ್ಕೆ, ಪಾತ್ರೆ ತೊಳೆಯಲಿಕ್ಕೆ ಇರುವ ಸಣ್ಣ ಜಾಗ, ಅದಕ್ಕೊಂದು ಪರದೆ. ಮಾಮೂಲಿ ದಿನಗಳಲ್ಲಿ ಎಲ್ಲರನ್ನೂ ಕಳಿಸಿ, ಬಾಗಿಲು ಹಾಕಿ, ಹನ್ನೊಂದು ಗಂಟೆಗೆ ಸ್ನಾನ ಮಾಡುತ್ತಿದ್ದಳು. ಲಾಕ್‌ಡೌನಲ್ಲಿ ಮಾವ, ಗಂಡ, ದೊಡ್ಡ ಮಗ ದಿನಾ ಪೂರ್ತಿ ಒಳಗೆ. ಅವಳು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕತ್ತಲಲ್ಲೇ ಸ್ನಾನ ಮುಗಿಸುತ್ತಿದ್ದಳಂತೆ. ತಂಬಿಗೆ ಬಕೆಟಿಗೆ ತಾಗಿ ಸದ್ದಾಗಬಾರದು ಅಂತ ಬೊಗಸೆಯಲ್ಲೇ ನೀರು ಹಾಕಿಕೊಳ್ಳುತ್ತಿದ್ದಳು. 'ಟೀಚರ್, ಕೊರೊನಾಕ್ಕಿಂತ ನನಗೆ ಆ ಮೋರಿದೇ ಯೋಚನೆ' ಅಂದಿದ್ದಳು. ಇದನ್ನು ಯಾವ ಪೇಪರಿನವರು ಕೇಳಿದರು? ಯಾವ ಗಂಡಸಿಗೆ ಗೊತ್ತಾಯಿತು? ಅವಳ ಮನೆಯವರಿಗೇ ಗೊತ್ತಿರಲಿಲ್ಲ.

ಸಣ್ಣ ಜಾಗದಲ್ಲಿ ಆಗದ ಕೆಲಸ ಆಗುವುದಿಲ್ಲ ಅಂತ ಪಾಲಿಕೆಯವರೇ ಒಪ್ಪಿಕೊಂಡಿದ್ದರು. ಧಾರಾವಿ ನೋಡಿ. ಸುಮಾರು ಎರಡೂವರೆ ಚದರ ಕಿಲೋಮೀಟರ್ ಒಳಗೆ ಎಂಟು ಲಕ್ಷಕ್ಕೂ ಮೇಲೆ ಜನ. 2020ರ ಏಪ್ರಿಲ್ 1ಕ್ಕೆ ಅಲ್ಲಿ ಮೊದಲ ಕೇಸು ಬಂತು. ಅಲ್ಲಿನ ಜನಕ್ಕೆ 'ಮನೆಯಲ್ಲೇ ಬೇರೆ ಇರಿ' ಅಂತ ಹೇಳಿ ಕೈ ತೊಳೆದುಕೊಳ್ಳಲಿಲ್ಲ. ಶಾಲೆ, ಹಾಲ್‌ಗಳಲ್ಲಿ ಹಾಸಿಗೆ ಹಾಕಿದರು. ಗಲ್ಲಿ ಗಲ್ಲಿಗೆ ಹೋಗಿ ಜ್ವರ ನೋಡಿದರು. ಸಾರ್ವಜನಿಕ ಸಂಡಾಸುಗಳನ್ನು ದಿನಕ್ಕೆ ಹಲವು ಸಲ ತೊಳೆಸಿದರು. ಮನೆ ಸಾಲದು ಅಂತ ಅಧಿಕಾರಿಗಳೇ ಒಪ್ಪಿದ ಮೇಲೆ, ಸಾಲಲಿಲ್ಲ ಅಂತ ನಿಮಗೆ ಅನ್ನಿಸಿದ್ದರಲ್ಲಿ ತಪ್ಪೇನು?

ಇನ್ನೊಮ್ಮೆ ಯಾರಾದರೂ ಹಾಗೆ ಹೇಳಿದರೆ ನೀವೂ ನಿಮ್ಮದನ್ನು ಹೇಳಿ. ಜಗಳಕ್ಕೆ ಅಂತ ಅಲ್ಲ. ಅವರಿಗೆ ಗೊತ್ತಿಲ್ಲ, ಅಷ್ಟೇ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ನಿಮ್ಮ ಆ ಎರಡು ಗಂಟೆ ಈಗ ವಾಪಸ್ ಸಿಕ್ಕಿದೆಯಾ? ಗಂಡಂದಿರು ವಾರಕ್ಕೆ ಮೂರು ದಿನ ಮನೆಯಿಂದ ಕೆಲಸ ಮಾಡುವ ಮನೆಗಳು ಈಗ ಜಾಸ್ತಿ. ಅಲ್ಲಿ ಅದು ಇನ್ನೂ ಸಿಕ್ಕಿಲ್ಲ. ಸಿಗದಿದ್ದರೆ ಬಾಯಿ ಬಿಟ್ಟು ಕೇಳಿ.

ಪ್ರಶ್ನೆ: ನಾನು ಫೋರ್ಟಿನ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದೆ. ಮಲಗುವುದೂ ಅಲ್ಲೇ. ಹೆಂಡತಿ, ಮಗಳು ಬೈಂದೂರಿನ ಹತ್ತಿರ ಊರಲ್ಲಿ. 2020ರಲ್ಲಿ ಹೋಟೆಲು ಮುಚ್ಚಿತು, ಊರಿಗೆ ಹೋದೆ. ಮಗಳು ಹುಟ್ಟಿದ ಮೇಲೆ ಅಷ್ಟು ತಿಂಗಳು ಒಟ್ಟಿಗೆ ಇದ್ದದ್ದು ಅದೇ ಮೊದಲು. ಆಗ ಅವಳಿಗೆ ಎಂಟು ವರ್ಷ. ಈಗ ಮತ್ತೆ ಬಂದು ಡೊಂಬಿವಲಿಯಲ್ಲಿದ್ದೇನೆ. ಅವಳು ಫೋನಿಗೆ ಸರಿಯಾಗಿ ಬರುವುದಿಲ್ಲ. 'ಅಪ್ಪಯ್ಯ ನಮ್ಮನ್ನ ಬಿಟ್ಟು ಹೋದ್ರು' ಅಂತ ಸಿಟ್ಟಂತೆ. ಏನು ಮಾಡಲಿ? — ಡೊಂಬಿವಲಿ

ಉತ್ತರ: ಲಾಕ್‌ಡೌನ್ ಅಂದರೆ ಮನೆಯಲ್ಲಿ ಕೂತವರ ಕಥೆ ಎಲ್ಲರಿಗೂ ಗೊತ್ತು. ಶಟರ್ ಎಳೆದ ಕೂಡಲೇ ಕೆಲಸವೂ ಹೋಗಿ, ಮಲಗುವ ಜಾಗವೂ ಹೋದವರು ನೀವು. ಮುಂಬೈಯ ಹೋಟೆಲುಗಳಲ್ಲಿ ನಮ್ಮ ಕರಾವಳಿಯ ಹುಡುಗರು ಎಷ್ಟೋ ತಲೆಮಾರಿನಿಂದ ಹೀಗೇ ಇದ್ದಾರೆ. ರಾತ್ರಿ ಟೇಬಲ್ ಸರಿಸಿ ಹಾಸಿಗೆ ಬಿಡಿಸುವುದು, ಬೆಳಗ್ಗೆ ಅದನ್ನೇ ಸುತ್ತಿ ಮಾಳಿಗೆಗೆ ಎಸೆಯುವುದು. ಆ ಸಮಯದಲ್ಲಿ ಪಾರ್ಸೆಲ್ ಮಾತ್ರ ನಡೆಯುತ್ತಿತ್ತು. ಅದಕ್ಕೆ ಇಬ್ಬರು ಮೂವರು ಸಾಕು. ಮಹಾರಾಷ್ಟ್ರದಲ್ಲಿ ಜನ ಕೂತು ತಿನ್ನಲು ಬಿಟ್ಟಿದ್ದು ಅಕ್ಟೋಬರ್ 5ಕ್ಕೆ, ಅದೂ ಅರ್ಧ ಕುರ್ಚಿಗಳಿಗೆ. ಅಷ್ಟು ದಿನ ಯಾವ ಸಂಬಳ, ಯಾವ ಊಟ? ನೀವು ಊರಿಗೆ ಹೋಗದೆ ಬೇರೆ ದಾರಿ ಇರಲಿಲ್ಲ. ವಾಪಸ್ ಬರದೆಯೂ ಬೇರೆ ದಾರಿ ಇರಲಿಲ್ಲ.

ಇದೆಲ್ಲ ನಮಗೆ ಅರ್ಥ ಆಗುತ್ತದೆ. ಎಂಟು ವರ್ಷದ ಹುಡುಗಿಗೆ ಆಗಿದ್ದು ಬೇರೆ. ಅಲ್ಲಿಯ ತನಕ ಅಪ್ಪಯ್ಯ ಅಂದರೆ ವರ್ಷಕ್ಕೊಮ್ಮೆ ಬ್ಯಾಗಿನಲ್ಲಿ ಬಟ್ಟೆ, ಸ್ವೀಟು ತರುವವರು. ಆ ವರ್ಷ ಅವರು ಬಾವಿಯಿಂದ ನೀರು ಸೇದಿದರು, ಗದ್ದೆಗೆ ಇಳಿದರು, ಅವಳ ತಲೆ ಬಾಚಿದರು. ಅಪ್ಪಯ್ಯ ಮನೆಯಲ್ಲೇ ಇರಬಹುದು ಅಂತ ಅವಳಿಗೆ ಮೊದಲ ಸಲ ಗೊತ್ತಾಯಿತು. ಗೊತ್ತಾದ ಮೇಲೆ ಹೋದಿರಿ. ಮೊದಲು ಹೋದಾಗ ಅವಳು ಅಳುತ್ತಿರಲಿಲ್ಲ, ಈಗ ಸಿಟ್ಟು ಮಾಡುತ್ತಿದ್ದಾಳೆ. ನನ್ನ ಮಟ್ಟಿಗೆ ಇದು ಒಳ್ಳೇದೇ. ಬೇಕಾದವರ ಮೇಲೆ ಮಾತ್ರ ಮಕ್ಕಳು ಸಿಟ್ಟು ಮಾಡುತ್ತಾರೆ.

ನೀವು ಫೋನ್ ಮಾಡುವುದು ಯಾವಾಗ? ಹೋಟೆಲ್ ಮುಚ್ಚಿ, ರಾತ್ರಿ ಹನ್ನೊಂದಕ್ಕೆ ಅಲ್ವಾ? ಅಷ್ಟೊತ್ತಿಗೆ ಅವಳು ನಿದ್ದೆಗಣ್ಣಲ್ಲಿ ಇರುತ್ತಾಳೆ. ಮಧ್ಯಾಹ್ನದ ಗಿರಾಕಿ ಕಡಿಮೆಯಾದ ಮೇಲೆ, ಸಂಜೆ ತಿಂಡಿ ಶುರುವಾಗುವ ಮೊದಲು ನಿಮಗೆ ಸ್ವಲ್ಪ ಬಿಡುವು ಇರುತ್ತದೆ. ಅವಳು ಶಾಲೆಯಿಂದ ಬರುವ ಹೊತ್ತೂ ಅದೇ. ಆಗ ಮಾಡಿ. 'ಊಟ ಆಯ್ತಾ, ಓದ್ತಿದ್ದೀಯಾ' ಅಂತ ಕೇಳಬೇಡಿ. ಅದಕ್ಕೆ 'ಹೂಂ' ಬಿಟ್ಟು ಬೇರೆ ಉತ್ತರ ಇಲ್ಲ. ಇವತ್ತು ಇಲ್ಲಿ ಏನಾಯಿತು ಅಂತ ನೀವೇ ಹೇಳಿ. ಬಟಾಟೆ ಗೋಣಿ ಯಾರು ಹೊತ್ತರು, ಮಳೆಗೆ ರಸ್ತೆ ಎಲ್ಲಿಯ ತನಕ ಮುಳುಗಿತು, ಯಾವ ಗಿರಾಕಿ ಏನು ಹೇಳಿದ. ಮತ್ತೆ ಸಂಬಳ ಎಷ್ಟು, ಅದರಲ್ಲಿ ಅವಳ ಶಾಲೆಗೆ ಎಷ್ಟು ಹೋಗುತ್ತದೆ ಅಂತ ಲೆಕ್ಕ ಬಿಡಿಸಿ ಹೇಳಿ. ಅವಳಿಗೆ ಈಗ ಅರ್ಥ ಮಾಡಿಕೊಳ್ಳುವ ವಯಸ್ಸು. ಯಾಕೆ ಹೋದಿರಿ ಅಂತ ಅವಳಿಗೆ ಯಾರೂ ಹೇಳಿರಲಿಕ್ಕಿಲ್ಲ. ಬೇಸಿಗೆ ರಜೆಗೆ ತಾಯಿ ಮಗಳನ್ನು ಒಮ್ಮೆ ಕರೆಸಿಕೊಳ್ಳಿ. ನೀವು ನಿಲ್ಲುವ ಕೌಂಟರ್ ಅವಳು ನೋಡಲಿ.

ಪ್ರಶ್ನೆ: 2020ರ ಮೇ ತಿಂಗಳಲ್ಲಿ ಕಾರ್ಕಳದ ಹತ್ತಿರ ನಮ್ಮ ಮಾವ ತೀರಿಕೊಂಡರು. ಗಾಡಿ ಮಾಡಿಕೊಂಡಾದರೂ ಹೊರಡುತ್ತೇನೆ ಅಂತ ಗಂಡ ಹೇಳಿದಾಗ ಭಾವ ಫೋನಿನಲ್ಲಿ 'ನೀವು ಬರಬೇಡಿ, ಊರವರು ಗಲಾಟೆ ಮಾಡ್ತಾರೆ' ಅಂದರು. ವಿಡಿಯೋದಲ್ಲಿ ನೋಡಿದೆವು. ಅವತ್ತಿನಿಂದ ಅಣ್ಣ ತಮ್ಮ ಮಾತಾಡಿಲ್ಲ. ಇವರು ಊರಿಗೆ ಹೋಗುವುದನ್ನೇ ಬಿಟ್ಟಿದ್ದಾರೆ. — ಮೀರಾ ರೋಡ್

ಉತ್ತರ: ಇದೇ ತರಹದ ಪತ್ರಗಳು ಬೇರೆಯವರಿಂದಲೂ ಬಂದಿವೆ. ಮುಂಬೈ ಕನ್ನಡಿಗರ ಮನೆಗಳಲ್ಲಿ ಲಾಕ್‌ಡೌನ್ ಬಿಟ್ಟು ಹೋದ ದೊಡ್ಡ ಗಾಯ ಇದು ಅಂತ ನನಗೆ ಅನ್ನಿಸುತ್ತದೆ.

ನಿಮ್ಮ ಮನೆಯವರ ನೋವು ಮೊದಲು ಹೇಳುತ್ತೇನೆ. ಊರಿನ ದೇವಸ್ಥಾನದ ಜೀರ್ಣೋದ್ಧಾರ, ಶಾಲೆಯ ಕಟ್ಟಡ, ತಂಗಿಯ ಮದುವೆ, ಎಲ್ಲಕ್ಕೂ ಮುಂಬೈಯ ದುಡ್ಡು ಬೇಕಿತ್ತು. 'ಬೊಂಬಾಯಿಯವರು ಬಂದರು' ಅಂದರೆ ಊರಿಗೆ ಊರೇ ಖುಷಿಪಡುತ್ತಿತ್ತು. ಆ ವರ್ಷ ಅದೇ ಮಾತು ಹೇಳಿ ಜನ ಬಾಗಿಲು ಹಾಕಿಕೊಂಡರು. ಅಪ್ಪನ ಕೊನೆಯ ಮುಖ ನೋಡಲಾಗದ ಮಗನಿಗೆ ಅದು ಮರೆಯುವ ಮಾತಲ್ಲ. ಮರೆತುಬಿಡಿ ಅಂತ ಯಾರೂ ಅವರಿಗೆ ಹೇಳಬಾರದು.

ಈಗ ಆ ಮೇ ತಿಂಗಳನ್ನು ಸ್ವಲ್ಪ ನೋಡೋಣ. ಊರಿಗೆ ಹೋಗಲು ಕರ್ನಾಟಕ ಸರಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಪಾಸ್ ಬೇಕಿತ್ತು. ನಿಪ್ಪಾಣಿ ಹತ್ತಿರದ ಕೊಗನೊಳ್ಳಿ ಚೆಕ್‌ಪೋಸ್ಟಿನಲ್ಲಿ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಒಳಗೆ ಹೋದರೂ ನೇರ ಮನೆಗಿಲ್ಲ, ಶಾಲೆಯಲ್ಲೋ ಹಾಸ್ಟೆಲಿನಲ್ಲೋ ಕ್ವಾರಂಟೈನ್. ಮೇ 18ಕ್ಕೆ ಕರ್ನಾಟಕ ಸರಕಾರ, ಮಹಾರಾಷ್ಟ್ರದಿಂದ ಬರುವವರನ್ನು 31ರ ತನಕ ಬಿಡುವುದೇ ಇಲ್ಲ ಅಂದಿತು. ಆ ದಿನಗಳಲ್ಲಿ ಉಡುಪಿ ಜಿಲ್ಲೆಯಲ್ಲಿ ಸಿಕ್ಕ ಕೇಸುಗಳಲ್ಲಿ ಬಹುಪಾಲು ಮಹಾರಾಷ್ಟ್ರದಿಂದ ಬಂದವರದ್ದು. ಸಾವಿನ ಮನೆಗೆ 20 ಜನಕ್ಕಿಂತ ಹೆಚ್ಚು ಸೇರುವಂತಿಲ್ಲ. ನಿಮ್ಮವರು ಹೊರಟಿದ್ದರೂ ಹೊತ್ತಿಗೆ ಮುಟ್ಟುತ್ತಿರಲಿಲ್ಲ. ಮುಟ್ಟಿದ್ದರೂ ಕ್ವಾರಂಟೈನ್ ಮುಗಿಸಿ ಹೊರಗೆ ಬರುವ ಹೊತ್ತಿಗೆ ಎಲ್ಲ ಮುಗಿದಿರುತ್ತಿತ್ತು.

ನಿಮ್ಮ ಭಾವ ಏನು ಮಾಡಿದರು? ಹೆಣ ಮನೆಯಲ್ಲಿಟ್ಟುಕೊಂಡು, ಹೊರಲು ನಾಲ್ಕು ಜನ ಬೇಕು ಅಂತ ಅಕ್ಕಪಕ್ಕದವರನ್ನು ಕೇಳುತ್ತಿದ್ದರು. ಮುಂಬೈಯಿಂದ ತಮ್ಮ ಬರುತ್ತಾನೆ ಅಂದರೆ ಆ ನಾಲ್ಕು ಜನವೂ ಬರುತ್ತಿರಲಿಲ್ಲ. ಇದನ್ನೆಲ್ಲ ಫೋನಿನಲ್ಲಿ ಬಿಡಿಸಿ ಹೇಳುವ ಸ್ಥಿತಿಯಲ್ಲಿ ಅವರಿರಲಿಲ್ಲ. 'ಬರಬೇಡಿ' ಅಂದುಬಿಟ್ಟರು. ಆ ಮಾತು ಕೆಟ್ಟದಾಗಿ ಕೇಳಿಸಿತು, ನಿಜ. ಅದನ್ನು ಭಾವನ ಲೆಕ್ಕಕ್ಕೆ ಮಾತ್ರ ಬರೆಯಬೇಡಿ. ಅಪ್ಪನನ್ನು ಕಳೆದುಕೊಂಡ ದಿನ ಒಬ್ಬರೇ ನಿಂತು ಎಲ್ಲ ಮಾಡಿದ್ದು ಅವರೂ ಮರೆತಿರಲಿಕ್ಕಿಲ್ಲ.

ಗಂಡಸರು ಈ ವಿಷಯ ತಾವಾಗಿ ಎತ್ತುವುದಿಲ್ಲ. ನೀವೂ ನಿಮ್ಮ ಓರಗಿತ್ತಿಯೂ ಎತ್ತಬೇಕು. ಈ ಸಲ ಮಾವನ ತಿಥಿಗೆ ಇಬ್ಬರನ್ನೂ ಕೂಡಿಸಿ. ನಾಲ್ಕು ದಿನ ಮೊದಲೇ ಹೋಗಿ ಊರ ಮನೆಯಲ್ಲೇ ಇಳಿಯಿರಿ. ಲಾಡ್ಜಿಗೆ ಹೋಗಬೇಡಿ. ಅವತ್ತು ಏನೇನು ಆಯಿತು ಅಂತ ಭಾವ ಮೊದಲಿನಿಂದ ಹೇಳಲಿ. ಯಾರು ಹೆಗಲು ಕೊಟ್ಟರು, ಕಟ್ಟಿಗೆ ಎಲ್ಲಿಂದ ತಂದರು, ಮಳೆ ಬಂತಾ. ವಿಡಿಯೋ ಎಷ್ಟು ತೋರಿಸಿದ್ದೀತು? ನಿಮ್ಮ ಮನೆಯವರಿಗೆ ಅದೆಲ್ಲ ತಿಳಿಯಬೇಕು. ಆಮೇಲೆ ಮುಂಬೈಯಲ್ಲಿ ಆ ರಾತ್ರಿ ಹೇಗೆ ಕಳೆಯಿತು ಅಂತ ಇವರು ಹೇಳಲಿ.

ಪ್ರಶ್ನೆ: ನನ್ನ ಮಗನ ಒಂದನೇ ಕ್ಲಾಸು ಪೂರ್ತಿ ಮೊಬೈಲಿನಲ್ಲಿ ಆಯಿತು. ಈಗ ಆರನೇ. ಬಾಯಲ್ಲಿ ಕೇಳಿದರೆ ಎಲ್ಲ ಹೇಳುತ್ತಾನೆ. ಬರೆಯುವುದು ಮಾತ್ರ ತುಂಬ ನಿಧಾನ. ಬೋರ್ಡಿನ ಮೇಲಿನದ್ದನ್ನು ಅರ್ಧಕ್ಕೇ ಬಿಡುತ್ತಾನಂತೆ. ಟೀಚರ್ 'ಸೋಮಾರಿ' ಅನ್ನುತ್ತಾರೆ. ಕಣ್ಣು ತೋರಿಸಿದೆ, ಏನೂ ತೊಂದರೆ ಇಲ್ಲ. — ಕುರ್ಲಾ

ಉತ್ತರ: ಕಣ್ಣು ತೋರಿಸಿದ್ದು ಒಳ್ಳೇದಾಯಿತು. ಮೊದಲು ಮಾಡಬೇಕಾದ್ದು ಅದೇ. ಆ ಮಗುವನ್ನು ಸೋಮಾರಿ ಅನ್ನುವುದು ತಪ್ಪು. ಟೀಚರ್ ಆಗಿದ್ದವಳು ನಾನು, ಹೇಳುತ್ತಿದ್ದೇನೆ.

ಲೆಕ್ಕ ಹಾಕಿ. 2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿತು. ಮುಂಬೈಯಲ್ಲಿ ಒಂದರಿಂದ ಏಳನೇ ಕ್ಲಾಸಿನವರಿಗೆ ಶಾಲೆ ತೆರೆದದ್ದು 2021ರ ಡಿಸೆಂಬರ್ 15ಕ್ಕೆ. ಜನವರಿಯಲ್ಲಿ ಕೆಲವು ವಾರ ಮತ್ತೆ ಮುಚ್ಚಿತು. ನಿಮ್ಮ ಮಗನ ಒಂದನೇ ಕ್ಲಾಸು ಪೂರ್ತಿ ಹೋಯಿತು, ಎರಡನೆಯದ್ದೂ ಮುಕ್ಕಾಲು ಹೋಯಿತು.

ಎಲ್ಲರೂ ಅಕ್ಷರ ಹೋಯಿತು, ಮಗ್ಗಿ ಹೋಯಿತು ಅನ್ನುತ್ತಾರೆ. ಅಕ್ಷರ ಬೇಗ ಬರುತ್ತದೆ. ಯಾರೂ ಗಮನಿಸದ ಒಂದು ಕೆಲಸ ಇದೆ, ಬೋರ್ಡ್ ನೋಡಿ ಬರೆಯುವುದು. ಮಗು ತಲೆ ಎತ್ತಿ ಬೋರ್ಡ್ ನೋಡುತ್ತದೆ. ಎರಡು ಮೂರು ಶಬ್ದ ಮನಸ್ಸಿನಲ್ಲಿ ಹಿಡಿದುಕೊಳ್ಳುತ್ತದೆ. ತಲೆ ತಗ್ಗಿಸಿ ಬರೆಯುತ್ತದೆ. ಮತ್ತೆ ತಲೆ ಎತ್ತಿದಾಗ ಬಿಟ್ಟ ಜಾಗ ಹುಡುಕುತ್ತದೆ. ಒಂದನೇ ಕ್ಲಾಸಿನಲ್ಲಿ ಮಕ್ಕಳು ಒಂದೊಂದೇ ಅಕ್ಷರಕ್ಕೆ ತಲೆ ಎತ್ತುತ್ತವೆ. ಎರಡನೇ ಕ್ಲಾಸಿನ ಕೊನೆಗೆ ಒಂದು ಸಾಲು ಹಿಡಿಯುವ ಮಕ್ಕಳೂ ಇರುತ್ತಾರೆ. ಇದನ್ನು ಯಾರೂ ಪಾಠ ಅಂತ ಕಲಿಸುವುದಿಲ್ಲ. ದಿನಾ ಮಾಡಿ ಮಾಡಿ ಬರುತ್ತದೆ. ನಿಮ್ಮ ಮಗ ಅದನ್ನು ಮಾಡಬೇಕಾದ ವಯಸ್ಸಿನಲ್ಲಿ ಅಂಗೈಯಗಲದ ಮೊಬೈಲು ನೋಡುತ್ತಿದ್ದ. ಸ್ಕ್ರೀನು ಪುಸ್ತಕದ ಪಕ್ಕದಲ್ಲೇ ಇತ್ತು. ತಲೆ ಎತ್ತುವ ಕೆಲಸವೇ ಇರಲಿಲ್ಲ.

ಆ ಮೊಬೈಲಾದರೂ ಯಾರದ್ದು? ಹೆಚ್ಚಿನ ಮನೆಗಳಲ್ಲಿ ಒಂದೇ ಇತ್ತು, ಅಪ್ಪನದ್ದು. ಅಪ್ಪ ಡೆಲಿವರಿಗೋ ಸೆಕ್ಯುರಿಟಿ ಡ್ಯೂಟಿಗೋ ಹೋದರೆ ಕ್ಲಾಸು ಅವನ ಜೇಬಿನಲ್ಲೇ ಹೋಗುತ್ತಿತ್ತು. ಅಕ್ಕನಿಗೆ ಹತ್ತನೇ ಕ್ಲಾಸಿದ್ದರೆ ಫೋನ್ ಮೊದಲು ಅವಳಿಗೆ. ಸಣ್ಣವನ ಸರದಿ ಬರುವ ಹೊತ್ತಿಗೆ ರಿಚಾರ್ಜು ಮುಗಿದಿರುತ್ತಿತ್ತು. ಇದು ಮಕ್ಕಳ ತಪ್ಪಲ್ಲ, ಅಪ್ಪ ಅಮ್ಮಂದಿರದ್ದೂ ಅಲ್ಲ.

ಮನೆಯಲ್ಲಿ ಹೀಗೆ ಮಾಡಿ. ಬಾಗಿಲಿನ ಹಿಂಬದಿಗೆ ಚಾಕಿನಲ್ಲಿ ದಿನಾ ಐದು ಸಾಲು ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಅವನು ಎದುರು ಗೋಡೆಗೆ ಒರಗಿ ಕೂತು ನೋಡಿ ಬರೆಯಲಿ. ಖೋಲಿಯ ಉದ್ದ ಸಾಕು. ಶುರುವಿನಲ್ಲಿ ಅವನಿಗೆ ಇಷ್ಟವಾದದ್ದೇ ಇರಲಿ, ಕ್ರಿಕೆಟ್ ಸ್ಕೋರು, ಸಾಮಾನಿನ ಚೀಟಿ. ಎಷ್ಟು ಸಲ ತಲೆ ಎತ್ತಿದ ಅಂತ ಅವನೇ ಎಣಿಸಲಿ. ನಾಳೆ ಒಂದು ಕಡಿಮೆ ಮಾಡಲು ನೋಡಲಿ. ಅದು ಬಿಟ್ಟು ಇನ್ನೊಂದು ಮಾಡಿ. ದಿನಾ ಸ್ವಲ್ಪ ಹೊತ್ತು ಗಟ್ಟಿಯಾಗಿ ಓದಿಸಿ. ಮ್ಯೂಟ್‌ನಲ್ಲಿ ಕಲಿತ ಮಕ್ಕಳು ಇವು. ಕ್ಲಾಸಿನಲ್ಲಿ ಎಲ್ಲರೂ ಒಟ್ಟಿಗೆ ಪದ್ಯ ಹೇಳುವಾಗ ತಪ್ಪು ಹೇಳಿದರೂ ಮುಚ್ಚಿಹೋಗುತ್ತದೆ, ಧೈರ್ಯ ಬರುತ್ತದೆ. ಆ ಧೈರ್ಯ ಇವರಿಗೆ ಸಿಗಲಿಲ್ಲ. ನೀವೂ ಅವನ ಜೊತೆಗೆ ಓದಿ.

ಈ ಪತ್ರಿಕೆಯನ್ನು ಅವನ ಟೀಚರಿಗೂ ತೋರಿಸಿ. ಮುಂದಿನ ಬೆಂಚಿಗೆ ಕೂರಿಸಿ, ಒಂದು ಟರ್ಮ್ ಸಮಯ ಕೊಡಿ ಅಂತ ನಾನು ಕೇಳಿದೆ ಅಂತ ಹೇಳಿ.

ಪ್ರಶ್ನೆ: ನಮ್ಮ ಮನೆಗೆಲಸಕ್ಕೆ ಬರುತ್ತಿದ್ದ ಬಾಯಿ ಯಾದಗಿರಿ ಕಡೆಯವಳು. ಲಾಕ್‌ಡೌನಲ್ಲಿ ಬಿಲ್ಡಿಂಗಿನ ಸೊಸೈಟಿಯವರು ಒಳಗೆ ಬಿಡಲಿಲ್ಲ. ಎರಡು ತಿಂಗಳು ಸಂಬಳ ಕೊಟ್ಟೆವು. ಆಮೇಲೆ ನಮ್ಮವರ ಸಂಬಳವೂ ಅರ್ಧ ಆಯಿತು, ನಿಲ್ಲಿಸಿದೆವು. ಈಗ ಅವಳು ಮತ್ತೆ ಬರುತ್ತಿದ್ದಾಳೆ. ಆ ವಿಷಯ ಇಬ್ಬರೂ ಎತ್ತಿಲ್ಲ. ನಾನೇ ಎತ್ತಬೇಕಾ? — ಮುಲುಂಡ್

ಉತ್ತರ: ಎತ್ತಬೇಕು. ಎರಡು ತಿಂಗಳು ಕೊಟ್ಟಿರಿ, ಎಷ್ಟೋ ಮನೆಗಳು ಅದನ್ನೂ ಕೊಡಲಿಲ್ಲ. ಆದರೆ ನೀವು ನಿಲ್ಲಿಸಿದ ಮೇಲೆ ಅವಳು ಏನು ತಿಂದಳು ಅಂತ ನಿಮಗೆ ಗೊತ್ತಿಲ್ಲ ಅಲ್ವಾ? ಅದನ್ನು ಕೇಳಿ.

ಏಪ್ರಿಲ್‌ನಿಂದ ರೇಷನ್ ಕಾರ್ಡ್ ಇದ್ದವರಿಗೆ ತಲೆಗೆ 5 ಕಿಲೋ ಧಾನ್ಯ ಪುಕ್ಕಟೆ ಕೊಡುವುದು ಶುರುವಾಯಿತು. ಯಾದಗಿರಿ, ಕಲಬುರಗಿ ಕಡೆಯಿಂದ ನಾಕಾದಲ್ಲಿ ನಿಂತು ಹುಡುಕುವ ದಿನಗೂಲಿ ಕೆಲಸಕ್ಕೆ, ಮನೆಗೆಲಸಕ್ಕೆ ಬಂದವರಲ್ಲಿ ಬಹಳ ಜನರ ಕಾರ್ಡು ಊರಲ್ಲಿ, ಹೊಟ್ಟೆ ಇಲ್ಲಿ. ಕಾರ್ಡ್ ಇಲ್ಲದ ವಲಸೆ ಕೆಲಸದವರಿಗೂ ಕೊಡುತ್ತೇವೆ ಅಂತ ಸರಕಾರ ಹೇಳಿದ್ದು ಮೇ ಮಧ್ಯದಲ್ಲಿ, ಅದೂ ಎರಡು ತಿಂಗಳಿಗೆ. ಅಲ್ಲಿಯ ತನಕ ಕೈಗಡ. ಅಂಗಡಿಯವನ ಉದ್ರಿ, ಖೋಲಿಯ ಬಾಡಿಗೆ ಬಾಕಿ. ಹೀಗೆ ಆದ ಸಾಲವನ್ನು ವರ್ಷಗಟ್ಟಲೆ ತೀರಿಸಿದವರನ್ನು ನಾನು ನೋಡಿದ್ದೇನೆ. ನಮ್ಮ ಶಾಲೆಯ ಮಕ್ಕಳ ತಾಯಂದಿರೇ ಅವರು.

ಅವಳು ಬಾಯಿ ಬಿಡದೆ ಇರುವುದು ಮರೆತದ್ದಕ್ಕಲ್ಲ. ಕೆಲಸ ಹೋದೀತು ಅಂತ. ನೀವು ಸುಮ್ಮನಿರುವುದು ಮುಜುಗರಕ್ಕೆ. ಮುಜುಗರದಿಂದ ನಿಮಗೆ ಕಳೆದುಕೊಳ್ಳುವಂಥದ್ದು ಏನೂ ಇಲ್ಲ, ಹಾಗಾಗಿ ನೀವೇ ಶುರು ಮಾಡಿ. ಆ ತಿಂಗಳುಗಳ ಸಂಬಳ ಈಗ ಕೊಡಲು ಆಗುತ್ತದಾ? ಆದರೆ ಕೊಡಿ. ಒಂದೇ ಸಲ ಆಗದಿದ್ದರೆ ತಿಂಗಳಿಗೆ ಸ್ವಲ್ಪ ಸ್ವಲ್ಪ. ಬಟ್ಟೆ, ಹಳೇ ಕುಕ್ಕರ್ ಕೊಟ್ಟು ಲೆಕ್ಕ ಮುಗಿಸಬೇಡಿ. ದುಡ್ಡಿನ ಬಾಕಿ ದುಡ್ಡಿನಲ್ಲೇ ಹೋಗಲಿ. ಮತ್ತೆ ಮುಂದಕ್ಕೆ ಅವಳಿಗೆ ವರ್ಷಕ್ಕೆ ಇಷ್ಟು ರಜೆ, ಕಾಯಿಲೆ ಬಿದ್ದರೆ ಸಂಬಳ ಕಡಿತ ಇಲ್ಲ ಅಂತ ಈಗಲೇ ಮಾತಾಡಿಕೊಳ್ಳಿ.

ಪ್ರಶ್ನೆ: ಅಣ್ಣ ತಾನು ಹತ್ತನೇ ಕ್ಲಾಸಿನ ಭೂಗೋಳ ಪರೀಕ್ಷೆ ಬರೆಯಲೇ ಇಲ್ಲ ಅನ್ನುತ್ತಾನೆ. ಅಪ್ಪ ನಂಬುವುದಿಲ್ಲ. ಯಾರು ಸರಿ? — ವಿಕ್ರೋಲಿ

ಉತ್ತರ: ನಿನ್ನ ಅಣ್ಣ 2020ರ ಬ್ಯಾಚಿನವನಾಗಿದ್ದರೆ ಅವನೇ ಸರಿ, ಮಗಾ. ಮಹಾರಾಷ್ಟ್ರ ಬೋರ್ಡಿನ ಆ ಪೇಪರು ಮಾರ್ಚ್ 23ಕ್ಕಿತ್ತು. ಮೊದಲು ಮುಂದಕ್ಕೆ ಹಾಕಿದರು, ಆಮೇಲೆ ರದ್ದು ಮಾಡಿದರು. ಬೇರೆ ವಿಷಯಗಳ ಸರಾಸರಿ ತೆಗೆದು ಮಾರ್ಕ್ಸ್ ಕೊಟ್ಟರು. ಅಪ್ಪನಿಗೆ ಇದನ್ನು ತೋರಿಸು.

ಪ್ರಶ್ನೆ: ನನಗೆ 78. ಮೊದಲು ದಿನಾ ಬೆಳಗ್ಗೆ ಫೈವ್ ಗಾರ್ಡನ್ಸ್ ಪಾರ್ಕಿಗೆ ಹೋಗಿ, ಗೆಳೆಯರ ಜೊತೆ ಕೂತು, ದೇವಸ್ಥಾನ ಮುಗಿಸಿ ಬರುತ್ತಿದ್ದೆ. ಲಾಕ್‌ಡೌನಲ್ಲಿ ನಿಂತದ್ದು ಮತ್ತೆ ಶುರುವಾಗಲೇ ಇಲ್ಲ. ಮಗ 'ಯಾಕಪ್ಪಾ ರಿಸ್ಕು, ಮನೆಯ ಗ್ಯಾಲರಿಯಲ್ಲೇ (ಬಾಲ್ಕನಿಯಲ್ಲೇ) ನಡೆಯಿರಿ' ಅನ್ನುತ್ತಾನೆ. ಮಗ ಒಳ್ಳೆಯವನೇ. — ಮಾಟುಂಗಾ

ಉತ್ತರ: ಮಗ ಒಳ್ಳೆಯವನು, ಅದಕ್ಕೇ ಹೆದರುತ್ತಾನೆ. 65 ದಾಟಿದವರು ಹೊರಗೆ ಬರಬಾರದು ಅಂತ ಆಗ ಸರಕಾರವೇ ಹೇಳಿತ್ತು. ಟೀವಿಯಲ್ಲಿ, ಫೋನಿನ ಕಾಲರ್ ಟ್ಯೂನಿನಲ್ಲಿ ಬೆಳಗಿಂದ ರಾತ್ರಿ ತನಕ ಅದೇ. ಅವನ ಕಿವಿಯಲ್ಲಿ ಅದು ಉಳಿದುಬಿಟ್ಟಿದೆ. ಆ ನಿಯಮ ಯಾವತ್ತೋ ಹೋಯಿತು. ಮಹಾರಾಷ್ಟ್ರದಲ್ಲಿ ದೇವಸ್ಥಾನಗಳು 2020ರ ನವೆಂಬರ್ 16ಕ್ಕೇ ತೆರೆದವು. ನಿಮ್ಮ ಮನೆಯಲ್ಲಿ ಮಾತ್ರ ಇನ್ನೂ ತೆರೆದಿಲ್ಲ.

ಗ್ಯಾಲರಿಯಲ್ಲಿ ನಡೆದರೆ ಕಾಲಿಗೆ ಸಾಕಾಗಬಹುದು. ಅಲ್ಲಿ ಮಾತಾಡಲು ಯಾರಿದ್ದಾರೆ? ಇದು ನಿಮ್ಮೊಬ್ಬರ ಕಥೆಯಲ್ಲ ಅಪ್ಪಾ. ಆ ಎರಡು ವರ್ಷದಲ್ಲಿ ಹೊರಗೆ ಹೋಗುವುದು ನಿಂತು, ಮಾತು ಕಡಿಮೆಯಾಗಿ, ಮಂಕಾದ ಹಿರಿಯರನ್ನು ನಮ್ಮ ಬಿಲ್ಡಿಂಗಿನಲ್ಲೇ ನೋಡಿದ್ದೇನೆ. ಕುಟುಂಬದವರು 'ವಯಸ್ಸಾಯಿತು' ಅಂದುಕೊಂಡರು.

ಬಿ.ಪಿ., ಶುಗರ್ ಒಮ್ಮೆ ತೋರಿಸಿ, ಡಾಕ್ಟರ ಹತ್ತಿರವೇ ಮಗನ ಎದುರಿಗೆ ಕೇಳಿ, ನಡೆಯಬಹುದಾ ಅಂತ. ಅವರು ಹೂಂ ಅಂದರೆ ಮುಂದಿನ ಭಾನುವಾರವೇ ಹೊರಡಿ. ಹಳೇ ಗೆಳೆಯರಲ್ಲಿ ಯಾರ್‍ಯಾರು ಇದ್ದಾರೆ ಅಂತ ಮೊದಲೇ ಫೋನ್ ಮಾಡಿ ತಿಳಿದುಕೊಳ್ಳಿ. ಕೆಲವರು ಇಲ್ಲದೆ ಇರಬಹುದು, ಅದು ಬೆಂಚಿನ ಹತ್ತಿರ ಹೋದ ಮೇಲೆ ಗೊತ್ತಾಗುವುದು ಬೇಡ. ರಸ್ತೆ ದಾಟುವಾಗ ಸಿಗ್ನಲಿನಲ್ಲೇ ದಾಟಿ, ಈಗ ಗಾಡಿ ಜಾಸ್ತಿ. ಮೊದಲ ಕೆಲವು ವಾರ ಮಗನನ್ನೂ ಕರೆದುಕೊಂಡು ಹೋಗಿ. ಅವನೂ ನಡೆಯಲಿ. ಲೋಕಲ್, ಲ್ಯಾಪ್‌ಟಾಪ್ ಅಂತ ಅವನಿಗೂ ಹೊಟ್ಟೆ ಬಂದಿರುತ್ತದೆ. ನಿಮ್ಮ ಗೆಳೆಯರ ಫೋನ್ ನಂಬರುಗಳನ್ನು ಅವನ ಫೋನಿನಲ್ಲಿ ಹಾಕಿಕೊಡಿ. ಅಷ್ಟಾದರೆ ಅವನೇ ಬೆಳಗ್ಗೆ ಎಬ್ಬಿಸಿ ಕಳಿಸುತ್ತಾನೆ.